ನೆರಳು ಯಾರ ಮಾತು ಕೇಳುತ್ತದೆ?

ಜುಲೈ ತಿಂಗಳು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಎಂಟು ದಿನದಿಂದ ಬಿಸಿಲಿನ ಮುಖ ನೋಡಿಲ್ಲ. ಅಂಗಡಿಯ ಬಾಗಿಲಲ್ಲಿ ಕೊಡೆಗಳ ಸಾಲು, ಒಳಗೆ ಒಣಗದ ಶರ್ಟಿನ ವಾಸನೆ. ಹೊರಗೆ ಯಾವುದಕ್ಕೂ ನೆರಳೇ ಬೀಳುತ್ತಿಲ್ಲ. ಆದರೆ ಫೋಟೋ ತಿದ್ದುವ ಫೋಟೋಶಾಪ್ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನೆರಳಿನದೇ ದೂರು! ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಲೇಯರ್ ಎಂದರೆ ಒಂದರ ಮೇಲೊಂದು ಜೋಡಿಸುವ ಪಾರದರ್ಶಕ ಹಾಳೆ. ಲೇಯರ್ ಮಾಸ್ಕ್ ಎಂದರೆ ಅದರಲ್ಲಿರುವ ಚಿತ್ರದ ಮೇಲೆ ಹಾಕುವ ಪರದೆ. ಪರದೆಯಲ್ಲಿ ಬಿಳಿ ಇದ್ದ ಕಡೆ ಚಿತ್ರ ಕಾಣುತ್ತದೆ, ಕಪ್ಪು ಇದ್ದ ಕಡೆ ಮರೆಯಾಗುತ್ತದೆ, ಬೂದು ಇದ್ದ ಕಡೆ ಅರ್ಧಂಬರ್ಧ. ಅಡಿಯಲ್ಲಿರುವ ಚಿತ್ರಕ್ಕೆ ಏನೂ ಆಗುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮ ಸಂಘದ ಯಕ್ಷಗಾನಕ್ಕೆ ಫೋಟೋಶಾಪ್‌ನಲ್ಲಿ ಪೋಸ್ಟರ್ ಮಾಡ್ತಿದ್ದೇನೆ. ಕೃಷ್ಣನ ವೇಷದ ಫೋಟೋವನ್ನು ಲೇಯರ್ ಮಾಸ್ಕ್ ಹಾಕಿ ಹಿನ್ನೆಲೆಯಿಂದ ಬಿಡಿಸಿಕೊಂಡೆ. ಡ್ರಾಪ್ ಶ್ಯಾಡೋ ಕೊಟ್ಟೆ. ಹಿಂದಿನ ಪರದೆಯ ಮೇಲೆ ನೆರಳು ಚೆನ್ನಾಗಿದೆ. ಆದರೆ ಕೆಳಗೆ ದಿನ, ಜಾಗ ಬರೆದಿರುವ ಹಳದಿ ಪಟ್ಟಿಯ ಮೇಲೂ ಬಿದ್ದು ಅಕ್ಷರ ಕೊಳಕಾಗಿ ಕಾಣುತ್ತೆ. ಮಾಸ್ಕಿನಲ್ಲಿ ಆ ಜಾಗಕ್ಕೆ ಕಪ್ಪು ಬಳಿದೆ, ಏನೂ ಆಗಲಿಲ್ಲ. ಸ್ವಲ್ಪ ಒಳಗೆ ಬಳಿದರೆ ಕೃಷ್ಣನ ಪಾದವೇ ಹೋಯ್ತು, ನೆರಳು ಮಾತ್ರ ಹಾಗೇ ಇದೆ! ಬ್ಲೆಂಡಿಂಗ್ ಆಪ್ಷನ್ಸ್‌ನಲ್ಲಿ ಒಂದು ಟಿಕ್ ಹಾಕು ಅಂತ ಗೆಳೆಯ ಹೇಳಿದ. ಹಾಕಿದರೆ ಇಡೀ ನೆರಳೇ ಮಾಯ. ಏನು ಮಾಡಲಿ?
— ಘಾಟ್‌ಕೋಪರ್‌ನ ಓದುಗರೊಬ್ಬರು

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಆದರೆ ಆ ಮದ್ದು ಬೇರೆ ಕಾಯಿಲೆಯದು.

ಡ್ರಾಪ್ ಶ್ಯಾಡೋ ಎನ್ನುವುದು ಯಾರೋ ಬಳಿದಿಟ್ಟ ಬಣ್ಣವಲ್ಲ. ಲೇಯರಿನ ಅಂಚು ಎಲ್ಲಿದೆ ಎಂದು ನೋಡಿಕೊಂಡು ಫೋಟೋಶಾಪ್ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿ ತೋರಿಸುವ ನೆರಳು. ನೀವು ಕೃಷ್ಣನನ್ನು ಬಿಡಿಸಿದ್ದು ಮಾಸ್ಕಿನಿಂದ. ಹಾಗಾಗಿ ಮಾಸ್ಕಿನ ಅಂಚೇ ಕೃಷ್ಣನ ಅಂಚು. ಅದರಾಚೆ ಮಾಸ್ಕ್ ಮೊದಲೇ ಕಪ್ಪಗಿದೆ. ಕಪ್ಪಿನ ಮೇಲೆ ಕಪ್ಪು ಬಳಿದರೆ ಏನಾದೀತು ಹೇಳಿ? ಒಳಗೆ ಬಳಿದಾಗ ಅಂಚೇ ಹಿಂದೆ ಸರಿಯಿತು, ನೆರಳು ಹೊಸ ಅಂಚಿಗೆ ಹೋಗಿ ಅಂಟಿಕೊಂಡಿತು. ನೀವು ಹೆಜ್ಜೆ ಇಟ್ಟ ಹಾಗೆಲ್ಲ ನಿಮ್ಮ ನೆರಳೂ ಸರಿಯುತ್ತದಲ್ವಾ, ಹಾಗೆ.

ಇನ್ನು ಆ ಟಿಕ್. ಅದರ ಹೆಸರು ‘ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್’. ಲೇಯರ್ ಮೇಲೆ ಎರಡು ಸಲ ಒತ್ತಿದರೆ ತೆರೆಯುವ ಲೇಯರ್ ಸ್ಟೈಲ್ ಕಿಟಕಿಯಲ್ಲಿ, ಬ್ಲೆಂಡಿಂಗ್ ಆಪ್ಷನ್ಸ್ ಒಳಗೆ, ಸ್ವಲ್ಪ ಕೆಳಗಡೆ ಇರುತ್ತದೆ. ಟಿಕ್ ಇಲ್ಲದಿದ್ದರೆ ಮಾಸ್ಕ್ ಕತ್ತರಿಯ ಕೆಲಸ ಮಾಡುತ್ತದೆ: ಆಕಾರ ಕತ್ತರಿಸುತ್ತದೆ, ಕತ್ತರಿಸಿದ ಆಕಾರಕ್ಕೆ ನೆರಳು ಬರುತ್ತದೆ. ಟಿಕ್ ಹಾಕಿದರೆ ಅದೇ ಮಾಸ್ಕ್ ಪರದೆ ಆಗುತ್ತದೆ: ಕಪ್ಪಿರುವಲ್ಲಿ ಚಿತ್ರವನ್ನೂ ಮುಚ್ಚುತ್ತದೆ, ನೆರಳನ್ನೂ ಮುಚ್ಚುತ್ತದೆ. ನಿಮ್ಮ ಕೃಷ್ಣನ ಸುತ್ತ ಎಲ್ಲ ಕಡೆ ಕಪ್ಪು. ನೆರಳು ಬೀಳಬೇಕಾದ್ದೂ ಅಲ್ಲೇ. ಮಾಯವಾಗದೆ ಇನ್ನೇನು?

ನಿಮಗೆ ಬೇಕಾದದ್ದು ಎರಡು ಮಾಸ್ಕ್. ಒಂದು ಕತ್ತರಿ, ಒಂದು ಪರದೆ. ಒಂದೇ ಮಾಸ್ಕಿಗೆ ಎರಡೂ ಕೆಲಸ ಹೇಳಬೇಡಿ. ಆ ಟಿಕ್ ತೆಗೆದುಬಿಡಿ. ಕೃಷ್ಣನ ಲೇಯರನ್ನು ಆರಿಸಿ ಕಂಟ್ರೋಲ್ ಜಿ ಒತ್ತಿ. ಅದೊಂದೇ ಲೇಯರ್ ಇರುವ ಗ್ರೂಪ್ ಆಗುತ್ತದೆ. ಒಂಟಿ ಲೇಯರಿಗೆ ಗ್ರೂಪ್ ಯಾಕೆ ಅಂತ ನಗಬೇಡಿ. ಈಗ ಗ್ರೂಪನ್ನು ಆರಿಸಿಕೊಂಡು ಅದಕ್ಕೊಂದು ಮಾಸ್ಕ್ ಕೊಡಿ. ಪೂರ್ತಿ ಬಿಳಿ ಮಾಸ್ಕ್ ಬರುತ್ತದೆ. ಮೆದು ಬ್ರಶ್ಶಿನಲ್ಲಿ ಹಳದಿ ಪಟ್ಟಿಯ ಮೇಲೆ ಕಪ್ಪು ಬಳಿಯಿರಿ. ನೆರಳು ಸುಮ್ನೆ ಮರೆಯಾಗುತ್ತದೆ, ಎಲ್ಲಿಗೂ ಓಡುವುದಿಲ್ಲ. ಗ್ರೂಪಿನ ಮಾಸ್ಕ್ ಒಳಗಿರುವ ಲೇಯರಿನ ಆಕಾರವನ್ನು ಮುಟ್ಟುವುದೇ ಇಲ್ಲ. ಒಳಗೆ ತಯಾರಾಗಿ ಬಂದ ಚಿತ್ರ, ನೆರಳು ಎರಡನ್ನೂ ಒಟ್ಟಿಗೆ ಮುಚ್ಚುತ್ತದೆ, ಅಷ್ಟೇ.

ಎರಡನ್ನೂ ಮುಚ್ಚುತ್ತದೆ ಎಂದೆನಲ್ಲ, ಅಲ್ಲೇ ಒಂದು ಹುಷಾರು. ಕೈ ಜಾರಿದರೆ ಮತ್ತೆ ಪಾದ ಹೋಗುತ್ತದೆ. ಅದಕ್ಕೆ ಬಳಿಯುವ ಮೊದಲು ಕಂಟ್ರೋಲ್ ಹಿಡಿದು ಕೃಷ್ಣನ ಮಾಸ್ಕಿನ ಪುಟ್ಟ ಚಿತ್ರದ ಮೇಲೆ ಒತ್ತಿ. ಕೃಷ್ಣನ ಆಕಾರದಲ್ಲಿ ಸೆಲೆಕ್ಷನ್ ಬರುತ್ತದೆ. ಕಂಟ್ರೋಲ್ ಶಿಫ್ಟ್ ಐ ಒತ್ತಿ ಅದನ್ನು ಒಳಹೊರಗು ಮಾಡಿ, ಈಗ ಕೃಷ್ಣನ ಹೊರಗಿನ ಜಾಗವಷ್ಟೇ ಆಯ್ಕೆಯಾಗಿರುತ್ತದೆ. ಆಮೇಲೆ ಗ್ರೂಪಿನ ಮಾಸ್ಕಿಗೆ ವಾಪಸ್ ಬಂದು ಬಳಿಯಿರಿ. ಗೆಜ್ಜೆಯ ಒಂದು ಮಣಿಯೂ ಹೋಗುವುದಿಲ್ಲ.

ಹಾಗಾದರೆ ಆ ಟಿಕ್ ಯಾವುದಕ್ಕೆ? ನಿಮ್ಮ ಪೋಸ್ಟರಿನಲ್ಲೇ ಅದಕ್ಕೂ ಕೆಲಸ ಇದೆ. ಮೇಲೆ ಪ್ರಸಂಗದ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ಅಕ್ಷರಕ್ಕೆ ಒಂದು ನೆರಳು ಕೊಡುತ್ತೀರಿ. ಕೃಷ್ಣನ ಕಿರೀಟ ಅಕ್ಷರದ ಮುಂದೆ ಬಂದ ಹಾಗೆ ಕಾಣಲಿ ಎಂದು ಅಕ್ಷರದ ಲೇಯರಿಗೆ ಮಾಸ್ಕ್ ಹಾಕಿ, ಕಿರೀಟ ಇರುವಷ್ಟು ಜಾಗ ಮುಚ್ಚುತ್ತೀರಿ. ಆಗ ಮಜಾ ನೋಡಿ. ಕಿರೀಟದ ಸುತ್ತ ಅಕ್ಷರ ಕತ್ತರಿಸಿದ ಗೆರೆಯ ಉದ್ದಕ್ಕೂ ನೆರಳು ಹೊರಟು ಕಿರೀಟದ ಚಿನ್ನದ ಮೇಲೇ ಬೀಳುತ್ತದೆ. ಹಿಂದೆ ಇರಬೇಕಾದ ಅಕ್ಷರ ಮುಂದಿರುವ ಕಿರೀಟಕ್ಕೆ ನೆರಳು ಕೊಟ್ಟ ಹಾಗೆ! ಇಲ್ಲಿ ಆ ಟಿಕ್ ಹಾಕಿ. ಅಕ್ಷರಕ್ಕೆ ಅದರದೇ ಆಕಾರ ಇದೆ, ಮಾಸ್ಕಿಗೆ ಮುಚ್ಚುವುದೊಂದೇ ಕೆಲಸ. ನೆರಳು ಕಿರೀಟದ ಅಂಚಿಗೆ ಬಂದು ಮರ್ಯಾದೆಯಿಂದ ನಿಲ್ಲುತ್ತದೆ. ನಿಮ್ಮ ಗೆಳೆಯ ಬಹುಶಃ ಅಕ್ಷರದ ಕೆಲಸ ಜಾಸ್ತಿ ಮಾಡಿದವರು.

ಈ ಗೊಂದಲ ನಮ್ಮ ಕಾಲದವರಿಗೆ ಬರುತ್ತಿರಲಿಲ್ಲ. ಹೆಮ್ಮೆಗೆ ಹೇಳುವುದಲ್ಲ, ಆಗ ನೆರಳಿಗೆ ಬೇರೆ ದಾರಿಯೇ ಇರಲಿಲ್ಲ. ನಾನು ಊರಿಂದ ಬಂದು ಹಗಲು ಮುಂಬಯಿಯ ಫೋರ್ಟ್ ಬಡಾವಣೆಯಲ್ಲಿ ಮಾವನ ಹೋಟೆಲಿನ ಗಲ್ಲಾ, ರಾತ್ರಿ ಕನ್ನಡ ಶಾಲೆ ಎಂದು ಓಡಾಡಿಕೊಂಡಿದ್ದವನು. ಆಮೇಲೆ ಗಿರ್‌ಗಾಂವ್‌ನ ಒಂದು ಸ್ಟುಡಿಯೋದ ಡಾರ್ಕ್‌ರೂಮಿಗೆ ಸೇರಿದೆ. ಅಲ್ಲಿ ಮುಖ ಕಪ್ಪಾಗಬಾರದು ಎಂದರೆ ತಂತಿಯ ತುದಿಗೆ ರಟ್ಟಿನ ಬಿಲ್ಲೆ ಅಂಟಿಸಿ, ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು ಅಲ್ಲಾಡಿಸುತ್ತಿದ್ದೆವು. ಅಲ್ಲಾಡಿಸದಿದ್ದರೆ ಬಿಲ್ಲೆಯ ಗುರುತು ಮುಖದ ಮೇಲೆ ಬೀಳುತ್ತಿತ್ತು. ಫೋಟೋಶಾಪ್‌ನಲ್ಲಿ ಚಿತ್ರ ತಿಳಿ ಮಾಡುವ ಡಾಜ್ ಟೂಲ್‌ಗೆ ಇರುವ ಕಡ್ಡಿಗೆ ಸಿಕ್ಕಿಸಿದ ಬಿಲ್ಲೆಯ ಚಿತ್ರ ಅದೇ. ಪ್ರೆಸ್ಸಿಗೆ ಹೋದರೆ ಕೆಂಪು ಫಿಲ್ಮನ್ನು ಬ್ಲೇಡಿನಲ್ಲಿ ಕೊರೆದು ಮಾಸ್ಕ್ ಮಾಡುವ ಹುಡುಗರು ಇರುತ್ತಿದ್ದರು. ಈಗಲೂ ಮಾಸ್ಕ್ ಆರಿಸಿ ಬ್ಯಾಕ್‌ಸ್ಲ್ಯಾಶ್ ಕೀ ಒತ್ತಿ ನೋಡಿ, ಮುಚ್ಚಿದ ಜಾಗವೆಲ್ಲ ಕೆಂಪಗೆ ಕಾಣುತ್ತದೆ. ಆ ಫಿಲ್ಮಿನ ಬಣ್ಣ ಅದು.

ಫೋಟೋಶಾಪ್ 1990ರಲ್ಲಿ ಬಂತು, ಆದರೆ ಲೇಯರ್ ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಒತ್ತಿದರೆ ನೆರಳು ಕೊಡುವ ಎಫೆಕ್ಟ್ ಬಂದದ್ದು 1998ರ ಐದನೇ ಆವೃತ್ತಿಯಲ್ಲಿ. ನಡುವಿನ ನಾಲ್ಕು ವರ್ಷ ನಾವು ಲೇಯರನ್ನು ನಕಲು ಮಾಡಿ, ನಕಲಿಗೆ ಕಪ್ಪು ತುಂಬಿ, ಮಸುಕು ಮಾಡಿ, ಆಚೆ ಸರಿಸಿ ನೆರಳು ಮಾಡುತ್ತಿದ್ದೆವು. ತ್ರಾಸದ ಕೆಲಸ. ಆದರೆ ಆ ನೆರಳು ಒಂದು ಬೇರೆ ಲೇಯರ್. ಅದಕ್ಕೇ ಮಾಸ್ಕ್ ಹಾಕಬಹುದಿತ್ತು. ಕಾಲು, ಕಿರೀಟದ ಗೊಡವೆಯೇ ಇಲ್ಲ.

ನೆರಳು ಹಿಂದಿನ ಪರದೆಯ ಮೇಲಲ್ಲ, ನೆಲದ ಮೇಲೆ ಮಲಗಬೇಕು ಎಂದಿದ್ದರೆ ಇವತ್ತೂ ಅದೇ ದಾರಿ. ಲೇಯರ್ ಮೆನುವಿನಲ್ಲಿ ಲೇಯರ್ ಸ್ಟೈಲ್, ಅದರೊಳಗೆ ‘ಕ್ರಿಯೇಟ್ ಲೇಯರ್’. ನೆರಳು ಕಳಚಿ ಕೆಳಗೊಂದು ಲೇಯರ್ ಆಗಿ ಕೂರುತ್ತದೆ. ಕಂಟ್ರೋಲ್ ಟಿ ಒತ್ತಿ ಅದನ್ನು ಎಳೆದು, ಓರೆ ಮಾಡಿ, ನೆಲಕ್ಕೆ ಮಲಗಿಸಿ. ಆದರೆ ಕಳಚಿದ ಮೇಲೆ ಅದು ಕೃಷ್ಣನ ಮಾತು ಕೇಳುವುದಿಲ್ಲ. ಕೃಷ್ಣನನ್ನು ಸರಿಸಿದರೆ ನೆರಳು ಅಲ್ಲೇ ಉಳಿಯುತ್ತದೆ. ಎರಡನ್ನೂ ಲಿಂಕ್ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಥಾಣೆಯಲ್ಲಿ ಸಣ್ಣ ಹೋಟೆಲು. ಮೆನು ಕಾರ್ಡನ್ನು ನಾನೇ ಮಾಡಿದೆ. ಇಡ್ಲಿ ತಟ್ಟೆಗೆ ನೆರಳು ಕೊಟ್ಟಿದ್ದೇನೆ. ಆದರೂ ತಟ್ಟೆ ಗಾಳಿಯಲ್ಲಿ ತೇಲುವ ಹಾಗಿದೆ. ‘ಪಪ್ಪಾ, ಇಡ್ಲಿ ಹಾರಿ ಹೋಗ್ತದೆ’ ಅಂತ ಮಗಳು ನಗುತ್ತಾಳೆ.
— ಥಾಣೆಯ ಹೋಟೆಲಿಗರು

ಉತ್ತರ: ಮಗಳ ಕಣ್ಣು ಚುರುಕಾಗಿದೆ.

ಬೆಳಿಗ್ಗೆ ಗಿರಾಕಿ ಬರುವ ಮೊದಲು ನಿಮ್ಮದೇ ಮೇಜಿನ ಮೇಲೆ ಒಂದು ತಟ್ಟೆ ಇಟ್ಟು ಬಗ್ಗಿ ನೋಡಿ. ತಟ್ಟೆ ಮೇಜಿಗೆ ತಾಗುವಲ್ಲಿ ಕೂದಲೆಳೆಯಷ್ಟು ಕಡುಕಪ್ಪು ಗೆರೆ ಇರುತ್ತದೆ. ಅಲ್ಲಿಂದ ದೂರ ಹೋದ ಹಾಗೆ ನೆರಳು ತೆಳ್ಳಗಾಗಿ, ಮಸುಕಾಗಿ, ಕೊನೆಗೆ ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಡ್ರಾಪ್ ಶ್ಯಾಡೋಗೆ ಇದು ಗೊತ್ತಿಲ್ಲ. ಅದು ಎಲ್ಲ ಕಡೆ ಒಂದೇ ಸಮ ಮಸುಕು, ಒಂದೇ ಸಮ ಕಪ್ಪು. ಗೋಡೆಯಿಂದ ಎರಡು ಬೆರಳು ದೂರ ನೇತು ಹಾಕಿದ ಕಾಗದಕ್ಕೆ ಅದು ಸರಿ. ಕೂತಿರುವ ತಟ್ಟೆಗೆ ಅಲ್ಲ.

ಯಾಕೆ ಹೀಗೆ ಎಂದರೆ, ಬೆಳಕು ಒಂದು ಚುಕ್ಕಿಯಲ್ಲ, ಅದಕ್ಕೂ ಅಗಲ ಇದೆ. ಸೂರ್ಯನೇ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಅದರಿಂದ ನೆರಳು ಬೀಳುವ ದೂರ ಒಂದು ಮೀಟರ್ ಹೆಚ್ಚಿದರೆ ಅಂಚು ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಮಸುಕಾಗುತ್ತದೆ. ನಾನಿದ್ದ ಚಾಳಿನಲ್ಲಿ ಎರಡನೇ ಮಾಳಿಗೆಯ ತಂತಿಯ ಮೇಲೆ ಸೀರೆ ಒಣಗುತ್ತಿತ್ತು. ಪಕ್ಕದ ಕಂಬಿಯ ಮೇಲೆ ಅದರ ನೆರಳು ಬ್ಲೇಡಿನಲ್ಲಿ ಕೊರೆದ ಹಾಗೆ, ಕೆಳಗಿನ ಅಂಗಳದಲ್ಲಿ ಹೊಗೆಯ ಹಾಗೆ. ಹೋಟೆಲಿನ ಟ್ಯೂಬ್‌ಲೈಟ್ ಸೂರ್ಯನಿಗಿಂತ ಎಷ್ಟೋ ಪಾಲು ಅಗಲ ಕಾಣುತ್ತದೆ, ಅಲ್ಲಿ ನೆರಳು ಇನ್ನೂ ಬೇಗ ಕರಗುತ್ತದೆ.

ಹಾಗಾಗಿ ಎಫೆಕ್ಟ್ ತೆಗೆದುಹಾಕಿ, ಎರಡು ನೆರಳು ಮಾಡಿ. ತಟ್ಟೆಯ ಕೆಳಗೆ ಒಂದು ಖಾಲಿ ಲೇಯರ್, ಮೋಡ್ ಮಲ್ಟಿಪ್ಲೈ (ಅಡಿಯ ಬಣ್ಣವನ್ನು ಗಾಢ ಮಾಡುವ ಬಗೆ). ಸಣ್ಣ ಬ್ರಶ್ಶಿನಲ್ಲಿ ತಟ್ಟೆಯ ಬುಡಕ್ಕೆ ಗೆರೆ ಎಳೆದು ತುಸು ಮಸುಕು ಮಾಡಿ. ಇದು ತಟ್ಟೆಯನ್ನು ಕೂರಿಸುವ ನೆರಳು. ಅದರ ಕೆಳಗೆ ಇನ್ನೊಂದು ಲೇಯರಿನಲ್ಲಿ ತಟ್ಟೆಗಿಂತ ಸ್ವಲ್ಪ ದೊಡ್ಡ ಕಪ್ಪು ಅಂಡಾಕಾರ, ಚೆನ್ನಾಗಿ ಮಸುಕು ಮಾಡಿ, ಬೆಳಕಿಗೆ ಎದುರು ದಿಕ್ಕಿಗೆ ಸರಿಸಿ. ಇದಕ್ಕೊಂದು ಮಾಸ್ಕ್ ಹಾಕಿ, ಗ್ರೇಡಿಯಂಟ್ ಟೂಲಿನಲ್ಲಿ ತಟ್ಟೆಯ ಕಡೆಯಿಂದ ಹೊರಕ್ಕೆ ಬಿಳಿಯಿಂದ ಕಪ್ಪಿಗೆ ಎಳೆಯಿರಿ. ದೂರ ಹೋದ ಹಾಗೆ ಕರಗುವುದು ಇಲ್ಲಿ ಸಿಗುತ್ತದೆ. ಹಿಡಿಸಲಿಲ್ಲವೇ? ಮತ್ತೆ ಎಳೆಯಿರಿ, ಹತ್ತು ಸಲ ಎಳೆಯಿರಿ. ಮಾಸ್ಕ್ ತಾನೇ, ನೆರಳು ಸವೆಯುವುದಿಲ್ಲ. ಪ್ರಾಪರ್ಟೀಸ್‌ನಲ್ಲಿ ಡೆನ್ಸಿಟಿ, ಫೆದರ್ ಎಂದು ಎರಡು ಸ್ಲೈಡರ್ ಇವೆ. ಡೆನ್ಸಿಟಿ ಇಳಿಸಿದರೆ ಪರದೆ ತೆಳ್ಳಗಾಗಿ ಮುಚ್ಚಿದ್ದು ಸ್ವಲ್ಪ ಇಣುಕುತ್ತದೆ, ಫೆದರ್ ಏರಿಸಿದರೆ ಪರದೆಯ ಅಂಚು ಮೆತ್ತಗಾಗುತ್ತದೆ. ಯಾವಾಗ ಬೇಕಾದರೂ ಮೊದಲಿನ ಸ್ಥಿತಿಗೆ ತರಬಹುದು.

ಇನ್ನೊಂದು. ನಿಮ್ಮ ಕಾರ್ಡಿನ ಹಿನ್ನೆಲೆ ಬಾಳೆಲೆ ಎಂದು ಬರೆದಿದ್ದೀರಿ. ಎಲೆಯ ಮೇಲೆ ಬೀಳುವ ನೆರಳು ಕಪ್ಪಲ್ಲ, ಕಡು ಹಸಿರು. ಎಲೆಯಲ್ಲೇ ಅತಿ ಗಾಢ ಜಾಗದಿಂದ ಬಣ್ಣ ಎತ್ತಿಕೊಳ್ಳಿ. ಮಸಿ ಬಳಿದರೆ ಇಡ್ಲಿಯೂ ಹಳಸಿದ ಹಾಗೆ ಕಾಣುತ್ತದೆ.

ಪ್ರಶ್ನೆ: ಫೋಟೋಶಾಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಲು ಆಗುವುದಿಲ್ಲ. ಬಿಟ್ಟಿಯಲ್ಲಿ ಇದೆಲ್ಲ ಆಗುತ್ತದಾ ಅಣ್ಣ?
— ವಸಾಯಿಯ ವಿದ್ಯಾರ್ಥಿನಿ

ಉತ್ತರ: ಆಗುತ್ತದೆ ತಂಗಿ. ಬ್ರೌಸರಿನಲ್ಲೇ ತೆರೆಯುವ ಫೋಟೋಪಿಯಾ ನೋಡು. ಪಕ್ಕದಲ್ಲಿ ಜಾಹೀರಾತು ಇರುತ್ತದೆ, ಸಹಿಸಿಕೋ. ಫೋಟೋಶಾಪ್ ಲೇಯರ್ ಉಳಿಸಿಡುವ ಪಿಎಸ್‌ಡಿ ಫೈಲ್ ತೆರೆಯುತ್ತದೆ, ಲೇಯರ್ ಸ್ಟೈಲ್ ಇದೆ, ಗ್ರೂಪಿಗೆ ಮಾಸ್ಕ್ ಹಾಕಬಹುದು. ಮೇಲೆ ಕೃಷ್ಣನಿಗೆ ಹೇಳಿದ ಗ್ರೂಪಿನ ಉಪಾಯ ಅಲ್ಲೂ ನಡೆಯುತ್ತದೆ.

ಕಂಪ್ಯೂಟರಿನಲ್ಲೇ ಬೇಕು ಎಂದರೆ ಗಿಂಪ್. 2018ರ 2.10 ಆವೃತ್ತಿಯಿಂದ ಅದರಲ್ಲೂ ಗ್ರೂಪಿಗೆ ಮಾಸ್ಕ್ ಹಾಕಬಹುದು. ಆ ಆವೃತ್ತಿಯಲ್ಲಿ ಡ್ರಾಪ್ ಶ್ಯಾಡೋ ಎರಡು ಇವೆ. ಫಿಲ್ಟರ್ಸ್‌ನ ಲೈಟ್ ಅಂಡ್ ಶ್ಯಾಡೋ ಒಳಗೆ ‘ಲೆಗಸಿ’ ಎಂದು ಬರೆದಿರುವುದನ್ನು ತೆಗೆದುಕೊಂಡರೆ ನೆರಳು ಬೇರೆ ಲೇಯರಾಗಿ ಬರುತ್ತದೆ. ಹೆಸರು ಹಳೆಯದು, ಆದರೆ ಮಾಸ್ಕ್ ಹಾಕಲು ಅದೇ ಒಳ್ಳೆಯದು. 2025ರಲ್ಲಿ ಬಂದ 3.0ರಲ್ಲಿ ಫಿಲ್ಟರನ್ನು ಆಮೇಲೂ ತಿದ್ದಬಹುದು. ನಿನ್ನ ಲ್ಯಾಪ್‌ಟಾಪ್ ತಡೆದುಕೊಂಡರೆ ಅದನ್ನೇ ಹಾಕು.

ಪ್ರಶ್ನೆ: ಊರಿಂದ ಬಂದ ಅಪ್ಪ ಅಮ್ಮನನ್ನು ಗೇಟ್‌ವೇ ಆಫ್ ಇಂಡಿಯಾಕ್ಕೆ ಕರೆದುಕೊಂಡು ಹೋಗಲು ಆಗಲಿಲ್ಲ, ಮಳೆ. ಮನೆಯಲ್ಲಿ ತೆಗೆದ ಫೋಟೋವನ್ನು ಮೇ ತಿಂಗಳಲ್ಲಿ ನಾನೇ ತೆಗೆದ ಗೇಟ್‌ವೇ ಫೋಟೋಗೆ ಸೇರಿಸುತ್ತಿದ್ದೇನೆ. ನೆರಳು ಯಾವ ಕಡೆಗೆ ಇಡಲಿ?
— ಮೀರಾ ರೋಡ್‌ನಿಂದ

ಉತ್ತರ: ಎಷ್ಟು ಹೊತ್ತಿಗೆ ತೆಗೆದದ್ದು ಎಂದು ನೀವು ಬರೆದಿಲ್ಲ! ಗೇಟ್‌ವೇ ಮುಂದಿನ ಸಮುದ್ರ ನಮ್ಮ ಊರಿನ ಪೂರ್ವಕ್ಕಿದೆ. ಬೆಳಿಗ್ಗೆಯ ಬಿಸಿಲು ನೀರಿನ ಕಡೆಯಿಂದ ಬರುತ್ತದೆ, ನೆರಳು ಊರಿನ ಕಡೆ. ಸಂಜೆ ತಿರುಗಾಮುರುಗಾ. ಪಶ್ಚಿಮಕ್ಕೆ ಸಮುದ್ರ ಇರುವ ಮರೀನ್ ಡ್ರೈವ್ ಆಗಿದ್ದರೆ ಸಂಜೆಯ ನೆರಳು ಊರಿನ ಕಡೆ ಬೀಳುತ್ತಿತ್ತು.

ಮಧ್ಯಾಹ್ನ ತೆಗೆದದ್ದಾದರೆ ಕೆಲಸ ಇನ್ನೂ ಸುಲಭ. ಮುಂಬಯಿ ಇರುವುದು 19 ಡಿಗ್ರಿ ಉತ್ತರದಲ್ಲಿ. ವರ್ಷಕ್ಕೆ ಎರಡು ಸಲ, ಮೇ ಮಧ್ಯದಲ್ಲಿ ಮತ್ತು ಜುಲೈ ಕೊನೆಯಲ್ಲಿ, ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂವರೆ ದಾಟಿದ ಮೇಲೆ ಕೆಲವು ನಿಮಿಷ ಕಂಬಕ್ಕೂ ನೆರಳಿರುವುದಿಲ್ಲ. ಜುಲೈಯದನ್ನು ಮೋಡ ತಿಂದುಹಾಕುತ್ತದೆ, ಮೇಯದು ಚೆನ್ನಾಗಿ ಕಾಣುತ್ತದೆ. ಆ ಹೊತ್ತಿನ ಫೋಟೋ ಆಗಿದ್ದರೆ ಅಪ್ಪ ಅಮ್ಮನ ಚಪ್ಪಲಿಯ ಸುತ್ತ ಒಂದು ಗೇಣು ಕಪ್ಪು ಸಾಕು. ಉದ್ದ ನೆರಳು ಎಳೆದರೆ ಸುಳ್ಳು ಹಿಡಿದುಬಿಡುತ್ತಾರೆ.

ಫೋಟೋದಲ್ಲೇ ಪಾರಿವಾಳ, ಜನ, ದೀಪದ ಕಂಬ ಇರುತ್ತದಲ್ವಾ. ಅವುಗಳ ನೆರಳು ಯಾವ ಕಡೆ, ಎಷ್ಟು ಉದ್ದ ನೋಡಿ, ಅದನ್ನೇ ಅನುಸರಿಸಿ. ಇಲ್ಲಿ ಎಫೆಕ್ಟ್ ಹಾಗೇ ಬಿಟ್ಟರೆ ನಡೆಯುವುದಿಲ್ಲ, ‘ಕ್ರಿಯೇಟ್ ಲೇಯರ್’ ಮಾಡಿ ನೆಲಕ್ಕೆ ಮಲಗಿಸಲೇಬೇಕು. ಮತ್ತೆ, ಮನೆಯ ಟ್ಯೂಬ್‌ಲೈಟಿನಲ್ಲಿ ತೆಗೆದ ಮುಖಕ್ಕೆ ಮೇ ತಿಂಗಳ ಬಿಸಿಲು ಬರಲ್ಲ, ಅದು ಬೇರೆಯದೇ ರಗಳೆ. ಮಳೆ ಬಿಟ್ಟ ದಿನ ಟ್ಯಾಕ್ಸಿ ಮಾಡಿಕೊಂಡು ಅವರನ್ನು ಕರೆದುಕೊಂಡೇ ಹೋದರೆ ಆಗದಾ?

ಪ್ರಶ್ನೆ: ಅಮ್ಮನ ಮದುವೆಯ ಹಳೆಯ ಫೋಟೋ ಸ್ಕ್ಯಾನ್ ಮಾಡಿ, ಹಿಂದಿನ ಗೋಡೆಯ ಮೇಲಿನ ನೆರಳನ್ನು ಇರೇಸರ್‌ನಲ್ಲಿ ಅಳಿಸಿದೆ. ಈಗ ನೋಡಿದರೆ ಅಮ್ಮ ಗೊಂಬೆಯ ಹಾಗೆ ಕಾಣುತ್ತಾಳೆ. ಸೇವ್ ಮಾಡಿ ಮುಚ್ಚಿಬಿಟ್ಟಿದ್ದೇನೆ. ನೆರಳು ವಾಪಸ್ ಬರುತ್ತದಾ?
— ಚೆಂಬೂರಿನ ಓದುಗರು

ಉತ್ತರ: ಜೆಪೆಗ್ ಆಗಿ ಸೇವ್ ಮಾಡಿದ್ದೀರಿ ಎಂದು ಬರೆದಿದ್ದೀರಿ. ಜೆಪೆಗ್ ಎಲ್ಲವನ್ನೂ ಒಂದೇ ಚಿತ್ರ ಮಾಡಿಬಿಡುತ್ತದೆ. ಹಾಗಾದರೆ ಆ ನೆರಳು ಆ ಫೈಲಿನಲ್ಲಿ ಇಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ನಾನು ಇದಕ್ಕಿಂತ ದೊಡ್ಡದು ಮಾಡಿದವನು. 1997. ಒಂದು ಮದುವೆಯ ಆಲ್ಬಮ್ಮಿನ ಮುಖಪುಟ. ಫೈಲು ದೊಡ್ಡದಾಗಿ 100 ಎಂಬಿಯ ಜಿಪ್ ಡಿಸ್ಕ್ ಎಂಬ ದಪ್ಪ ಫ್ಲಾಪಿಗೆ ಹಿಡಿಸಲಿಲ್ಲ. ಜಾಗ ಉಳಿಯಲಿ ಎಂದು ಎಲ್ಲ ಲೇಯರ್ ಸೇರಿಸಿ ಒಂದು ಮಾಡಿಬಿಟ್ಟೆ. ಸಂಜೆ ಹುಡುಗಿಯ ಮನೆಯವರು ಬಂದು, ಮದುಮಗಳು ಒಂದು ಇಂಚು ಎಡಕ್ಕೆ ಬರಲಿ ಎಂದರು. ಎಡಕ್ಕೆ ತಂದೆ. ನೆರಳು ಬಲಕ್ಕೇ ಉಳಿಯಿತು. ಆಗ ಮಾಡಿದ್ದನ್ನು ರದ್ದು ಮಾಡುವ ‘ಅನ್‌ಡೂ’ ಒಂದೇ ಒಂದು ಹೆಜ್ಜೆ ಹಿಂದೆ ಹೋಗುತ್ತಿತ್ತು. ಕೊನೆಯ ಲೋಕಲ್ ತಪ್ಪಿತು. ಬೆಳಗಿನ ಜಾವ ನಾಲ್ಕರವರೆಗೆ ಗೋಡೆಯ ಸುಣ್ಣವನ್ನು ಚುಕ್ಕಿ ಚುಕ್ಕಿ ಬಳಿದು ಆ ನೆರಳು ಮುಚ್ಚಿದೆ. ಅಂದಿನಿಂದ ನನ್ನ ಅಂಗಡಿಯಲ್ಲಿ ಇರೇಸರ್ ಮುಟ್ಟಿದ ಹುಡುಗರಿಗೆ ಚಹಾ ಇಲ್ಲ.

ಮೂಲ ಫೋಟೋ ಕಟ್ಟು ಹಾಕಿಸಿ ಗೋಡೆಯ ಮೇಲೆ ಇದೆಯಲ್ಲ, ಅದನ್ನೇ ಇನ್ನೊಮ್ಮೆ ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಸಾಕು. ಈ ಸಲ ಸ್ಕ್ಯಾನ್ ಮಾಡಿದ್ದನ್ನು ಅಡಿಯಲ್ಲಿ ಹಾಗೇ ಬಿಟ್ಟು, ಮೇಲೆ ಅದರ ನಕಲಿನಲ್ಲಿ ಗೋಡೆ ತಿದ್ದಿ, ಆ ನಕಲಿಗೆ ಮಾಸ್ಕ್ ಹಾಕಿ. ಅಮ್ಮನ ಹಿಂದೆ ತೆಳು ಬೂದು ಬಳಿದು ಹಳೆಯ ನೆರಳಿನಲ್ಲಿ ಕಾಲು ಭಾಗ ಇಣುಕಲು ಬಿಡಿ. ಗೊಂಬೆ ಮತ್ತೆ ಮನುಷ್ಯಳಾಗುತ್ತಾಳೆ. ಪಿಎಸ್‌ಡಿ ಆಗಿಯೇ ಇಟ್ಟುಕೊಳ್ಳಿ. ಮಳೆಗಾಲದ ಥಂಡಿಗೆ ಫೋಟೋ ಗಾಜಿಗೆ ಅಂಟಿಕೊಂಡಿರಬಹುದು. ಅಂಟಿದ್ದರೆ ಎಳೆಯಬೇಡಿ, ಬಣ್ಣ ಕಿತ್ತು ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನರಿನ ಮೇಲೆ ಇಡಿ.